ಗರ್ಭಿಣಿಯ ವರದಿಯಲ್ಲಿರುವ ‘ಬಿ’ ಅಕ್ಷರ ಮತ್ತು ರೆಬೆಕಾ ಲ್ಯಾನ್ಸ್‌ಫೀಲ್ಡ್

ಹೆರಿಗೆಗೆ ಇನ್ನು ಮೂರು ನಾಲ್ಕು ವಾರಗಳಿವೆ ಎನ್ನುವಾಗ ಕೈಸೇರುವ ಪ್ರಯೋಗಾಲಯದ ವರದಿಯಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಪಾಸಿಟಿವ್ ಎಂಬ ಒಂದೇ ಒಂದು ಸಾಲಿದ್ದರೆ ಸಾಕು, ಗರ್ಭಿಣಿಯ ಜತೆಗೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಅಮೆರಿಕದಲ್ಲಿ ಈ ಪರೀಕ್ಷೆಯನ್ನು ಎಲ್ಲ ಗರ್ಭಿಣಿಯರಿಗೂ ಮಾಡಿಸುವ ಪದ್ಧತಿಯಿದೆ. ಹೀಗಾಗಿ ಮಗಳ ಬಾಣಂತನಕ್ಕೆಂದು ವೀಸಾ ಪಡೆದು ವಿಮಾನ ಏರಲು ಸಿದ್ಧರಾದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ತಾಯಂದಿರ ಕಿವಿಗೂ ಈ ಹೆಸರು ದೂರವಾಣಿಯಲ್ಲಿ ಬೀಳುವುದುಂಟು. ವರದಿಗಳಲ್ಲಿ ಇದನ್ನು ಜಿಬಿಎಸ್ ಎಂದು ಮೊಟಕುಗೊಳಿಸುವುದು ಇನ್ನೊಂದು ಫಜೀತಿ. 2025ರ ಜನವರಿಯಲ್ಲಿ ಪುಣೆಯಲ್ಲಿ ಅನೇಕರನ್ನು ಬಾಧಿಸಿ ಸುದ್ದಿಯಾದ ಗಿಲಾನ್-ಬಾರೆ ಸಿಂಡ್ರೋಮ್ ಎಂಬ ನರಸಂಬಂಧಿ ಕಾಯಿಲೆಗೂ ಅದೇ ಮೂರಕ್ಷರ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಬಿ ರಕ್ತದ ಗುಂಪಿಗೂ ಇದಕ್ಕೂ ನಂಟಿಲ್ಲ.

ಹಾಗಾದರೆ ಈ ಬಿ ಎಲ್ಲಿಂದ ಬಂತು? 1933ರಲ್ಲಿ ನ್ಯೂಯಾರ್ಕಿನ ಪ್ರಯೋಗಾಲಯವೊಂದರಲ್ಲಿ ಕುಳಿತು ಅದನ್ನು ನಿಗದಿಪಡಿಸಿದವರು ರೆಬೆಕಾ ಲ್ಯಾನ್ಸ್‌ಫೀಲ್ಡ್. ಆಕೆ ವೈದ್ಯೆಯಾಗಿರಲಿಲ್ಲ, ಹೆರಿಗೆ ವಾರ್ಡಿನಲ್ಲಿ ದುಡಿದವರೂ ಅಲ್ಲ. ತಮ್ಮ ವೃತ್ತಿಜೀವನದ ಬಹುಪಾಲನ್ನು ಒಂದೇ ಸಂಸ್ಥೆಯಲ್ಲಿ, ಒಂದೇ ಕುಲದ ಸೂಕ್ಷ್ಮಾಣುಗಳ ಬೆನ್ನುಹತ್ತಿ ಕಳೆದವರು. ಬಾಣಂತಿಯರ ಹಾಗೂ ಎಳೆಗೂಸುಗಳ ಪ್ರಾಣದ ಪ್ರಶ್ನೆಯಲ್ಲಿ ಆಕೆಯ ವಿಂಗಡಣೆ ಎಷ್ಟು ದೂರ ಬಂತು ಎಂಬುದನ್ನು ನೋಡಿದರೆ ಅಚ್ಚರಿಯಾಗುತ್ತದೆ.

ರೆಬೆಕಾ ಕ್ರೇಗ್‌ಹಿಲ್ ಜನಿಸಿದ್ದು 1895ರ ಜನವರಿ 5ರಂದು, ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿದ್ದ ಫೋರ್ಟ್ ವಾಡ್ಸ್‌ವರ್ತ್ ಎಂಬ ಸೇನಾನೆಲೆಯಲ್ಲಿ. ತಂದೆ ಸೇನೆಯ ಎಂಜಿನಿಯರಿಂಗ್ ವಿಭಾಗದ ಅಧಿಕಾರಿ. ಆರು ಮಂದಿ ಹೆಣ್ಣುಮಕ್ಕಳಲ್ಲಿ ಆಕೆ ಮೂರನೆಯವರು. ತಾಯಿಯ ಕಡೆಯಿಂದ, 18ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಸಿಡುಬಿನ ವಿರುದ್ಧದ ಚುಚ್ಚು ಹಾಕುವ ಪದ್ಧತಿಯನ್ನು ಪರಿಚಯಿಸಿದ ಲೇಡಿ ಮೇರಿ ವರ್ಟ್ಲಿ ಮಾಂಟಗು ಅವರ ವಂಶಸ್ಥರು ಎನ್ನಲಾಗುತ್ತದೆ.

1912ರಲ್ಲಿ ವೆಲ್ಲೆಸ್ಲಿ ಕಾಲೇಜು ಸೇರಿದಾಗ ಆಕೆಯ ಒಲವು ಇಂಗ್ಲಿಷ್ ಮತ್ತು ಫ್ರೆಂಚ್ ಸಾಹಿತ್ಯದತ್ತ ಇತ್ತು. ಕೊಠಡಿಯ ಸಂಗಾತಿ ಓದುತ್ತಿದ್ದ ಪ್ರಾಣಿಶಾಸ್ತ್ರದ ಪಾಠಗಳು ಮನಸ್ಸನ್ನು ಸೆಳೆದುದರಿಂದ ದಾರಿ ಬದಲಾಯಿತು. 1916ರಲ್ಲಿ ಪದವಿ ಪಡೆದು, ವರ್ಮಾಂಟ್ ರಾಜ್ಯದ ಬಾಲಕಿಯರ ವಸತಿಶಾಲೆಯೊಂದರಲ್ಲಿ ಒಂದು ವರ್ಷ ಪಾಠ ಹೇಳಿ ಹಣ ಕೂಡಿಟ್ಟರು. ಸೇನಾಧಿಕಾರಿಗಳ ಹೆಣ್ಣುಮಕ್ಕಳಿಗೆಂದು ಮೀಸಲಾಗಿದ್ದ ವಿದ್ಯಾರ್ಥಿವೇತನದ ನೆರವಿನಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದು 1918ರಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. ಅದೇ ವರ್ಷ ತಳಿವಿಜ್ಞಾನದ ವಿದ್ಯಾರ್ಥಿ ಡೊನಾಲ್ಡ್ ಲ್ಯಾನ್ಸ್‌ಫೀಲ್ಡ್ ಅವರೊಂದಿಗೆ ವಿವಾಹ. ಅದೇ ವರ್ಷ ರಾಕ್‌ಫೆಲರ್ ಸಂಸ್ಥೆಯಲ್ಲಿ ತಂತ್ರಜ್ಞೆಯ ಕೆಲಸ.

ಮೊದಲ ಮಹಾಯುದ್ಧದ ಸಮಯವದು. ಟೆಕ್ಸಾಸ್‌ನ ಸೇನಾ ಶಿಬಿರಗಳಲ್ಲಿ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಯುವ ಸೈನಿಕರು ಬಲಿಯಾಗುತ್ತಿದ್ದರು. ಅಲ್ಲಿಂದ ತರಿಸಿದ ಮಾದರಿಗಳನ್ನು ಓಸ್ವಾಲ್ಡ್ ಏವರಿ ಮತ್ತು ಅಲ್ಫಾನ್ಸ್ ಡೋಚೆಜ್ ಪರೀಕ್ಷಿಸುತ್ತಿದ್ದರು. ರೆಬೆಕಾ ಅವರ ಸಹಾಯಕಿ. ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಒಂದೇ ತೆರನಾಗಿ ಕಾಣುವ ಈ ಜೀವಿಗಳು ವಾಸ್ತವದಲ್ಲಿ ಒಂದೇ ಅಲ್ಲ, ಅವುಗಳಲ್ಲಿ ಕನಿಷ್ಠ ನಾಲ್ಕು ಬಗೆಗಳಿವೆ ಎಂದು 1919ರ ಪ್ರಬಂಧ ತೋರಿಸಿತು. ತಂತ್ರಜ್ಞೆಯ ಹೆಸರನ್ನೂ ಲೇಖಕರ ಸಾಲಿನಲ್ಲಿ ಸೇರಿಸಿದ್ದು ಆ ಕಾಲಕ್ಕೆ ಅಪರೂಪದ ಔದಾರ್ಯ.

ಔದಾರ್ಯ ಎಲ್ಲ ಕಡೆಯೂ ಇರಲಿಲ್ಲವೆನ್ನಿ. ಯುದ್ಧ ಮುಗಿಯಿತು, ಹಣ ನಿಂತಿತು, ಕೆಲಸವೂ ಹೋಯಿತು. ಕೆಲಕಾಲ ಹಣ್ಣುನೊಣಗಳ ತಳಿ ಅಧ್ಯಯನ, ಬಳಿಕ ಪತಿಯೊಡನೆ ಆರೆಗಾನ್‌ನಲ್ಲಿ ಅಧ್ಯಾಪನ. 1922ರಲ್ಲಿ ನ್ಯೂಯಾರ್ಕಿಗೆ ಮರಳಿ ಡಾಕ್ಟರೇಟ್‌ಗೆ ಸೇರಿದಾಗ, ಕೊಲಂಬಿಯಾದ ಪ್ರಸಿದ್ಧ ಪ್ರಾಧ್ಯಾಪಕ ಹ್ಯಾನ್ಸ್ ಜಿನ್ಸರ್ ಅವರಿಗೆ ತಮ್ಮ ಪ್ರಯೋಗಾಲಯದಲ್ಲಿ ಮಹಿಳೆಯರು ಇರುವುದು ಇಷ್ಟವಿರಲಿಲ್ಲ. ಆದ್ದರಿಂದ ರೆಬೆಕಾ ಸಂಶೋಧನೆಯನ್ನು ಮತ್ತೆ ರಾಕ್‌ಫೆಲರ್ ಸಂಸ್ಥೆಯಲ್ಲಿ, ಹೋಮರ್ ಸ್ವಿಫ್ಟ್ ಅವರ ವಿಭಾಗದಲ್ಲಿ ನಡೆಸಬೇಕಾಯಿತು. ಮುಂದೆ ಆ ಸಂಸ್ಥೆಯನ್ನು ಆಕೆ ಬಿಡಲಿಲ್ಲ. 1925ರಲ್ಲಿ ಪಿಎಚ್‌ಡಿ ದೊರೆಯಿತು. 1929ರಲ್ಲಿ ಮಗಳು ಜನಿಸಿದಳು.

ಆಕೆಯ ಮುಖ್ಯ ಕೆಲಸದ ವಿಧಾನ ಕೇಳಲು ಸರಳ. ಸೂಕ್ಷ್ಮಾಣುಗಳನ್ನು ಆಮ್ಲದಲ್ಲಿ ಕುದಿಸಿದರೆ ಅವುಗಳ ಹೊರಗೋಡೆಯ ಸಕ್ಕರೆಯಂಥ ವಸ್ತು ಕರಗಿ ಹೊರಬರುತ್ತದೆ. ಕೊಲ್ಲಲ್ಪಟ್ಟ ಸೂಕ್ಷ್ಮಾಣುಗಳನ್ನು ಮೊಲಗಳಿಗೆ ಚುಚ್ಚಿ ಅವುಗಳ ರಕ್ತದಿಂದ ಪ್ರತಿಕಾಯಗಳಿರುವ ಸೀರಂ ಪಡೆಯಲಾಗುತ್ತದೆ. ತೆಳು ಗಾಜಿನ ನಳಿಗೆಯಲ್ಲಿ ಎರಡನ್ನೂ ಸೇರಿಸಿದಾಗ, ಜೋಡಿ ಸರಿಹೊಂದಿದರೆ ಬೆಳ್ಳನೆಯ ಗರಟು ಮೂಡುತ್ತದೆ. ಇಲ್ಲವಾದರೆ ದ್ರವ ತಿಳಿಯಾಗಿಯೇ ಉಳಿಯುತ್ತದೆ. ಮನುಷ್ಯರು, ಪ್ರಾಣಿಗಳು, ಹಾಲು ಮತ್ತು ಗಿಣ್ಣಿನಿಂದ ಸಂಗ್ರಹಿಸಿದ 106 ತಳಿಗಳನ್ನು ಹೀಗೆ ಒಂದೊಂದಾಗಿ ಜೋಡಿಸಿ ನೋಡಿ, 1933ರಲ್ಲಿ ಆಕೆ ಅವುಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದರು. ಮನುಷ್ಯರನ್ನು ಕಾಡುವವುಗಳ ಬಹುಭಾಗ ‘ಎ’ ಗುಂಪಿಗೆ ಬಂತು. ಹಸುಗಳಿಂದ ಬಂದವು ‘ಬಿ’ ಗುಂಪಿಗೆ.

ಹೌದು, ಇಂದು ಗರ್ಭಿಣಿಯರ ನಿದ್ದೆಗೆಡಿಸುವ ಈ ಸೂಕ್ಷ್ಮಾಣು ಮೊದಲು ಗುರುತಾದದ್ದು ಕೊಟ್ಟಿಗೆಯ ಶತ್ರುವಾಗಿ. ನಮ್ಮ ಹೈನುಗಾರರು ಚೆನ್ನಾಗಿ ಬಲ್ಲ ಕೆಚ್ಚಲು ಬಾವಿಗೆ ಇದೂ ಒಂದು ಕಾರಣ. ಅದರ ಶಾಸ್ತ್ರೀಯ ನಾಮ ಸ್ಟ್ರೆಪ್ಟೊಕಾಕಸ್ ಅಗಲ್ಯಾಕ್ಟಿಯೆ. ಹಾಲಿಲ್ಲದಂತಾಗಿಸುವುದು ಎಂಬ ಅರ್ಥ ಆ ಹೆಸರಿನಲ್ಲೇ ಅಡಗಿದೆ.

ಬಾಣಂತಿಯರ ಪ್ರಶ್ನೆ ಎದುರಾದದ್ದು ಅದರ ಬೆನ್ನಿಗೇ. ಹೆರಿಗೆಯ ನಂತರದ ನಂಜು ಜ್ವರ ಆ ಕಾಲದ ದೊಡ್ಡ ಮಾರಿ. ಲಂಡನ್ನಿನ ಕ್ವೀನ್ ಷಾರ್ಲೆಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ಹೇರ್ ಅವರೊಡಗೂಡಿ ರೆಬೆಕಾ, ಹೆತ್ತ ಮಹಿಳೆಯರಿಂದ ಪಡೆದ ತಳಿಗಳನ್ನು ಗುಂಪುಗೂಡಿಸಿದರು. 1935ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಜ್ವರಪೀಡಿತ ಬಾಣಂತಿಯರಲ್ಲಿ ಇದ್ದದ್ದು ಬಹುತೇಕ ‘ಎ’. ‘ಬಿ’ ಮುಂತಾದ ಇತರ ಗುಂಪಿನವು ಯಾವ ತೊಂದರೆಯೂ ಇಲ್ಲದ ಮಹಿಳೆಯರಲ್ಲಿಯೇ ಹೆಚ್ಚಾಗಿ ಕಂಡವು. ಅಂದರೆ ಸ್ಟ್ರೆಪ್ಟೊಕಾಕಸ್ ಇದೆ ಎಂದ ಮಾತ್ರಕ್ಕೆ ಆಕೆ ರೋಗಿಯಲ್ಲ. ಈ ವ್ಯತ್ಯಾಸವನ್ನು ಅರಿಯುವವರೆಗೆ ನಿರುಪದ್ರವಿ ಒಕ್ಕಲನ್ನೂ ಕೊಲೆಗಾರನನ್ನೂ ವೈದ್ಯರು ಒಂದೇ ಹೆಸರಿನಿಂದ ಕರೆಯುತ್ತಿದ್ದರು.

ಆದರೆ ‘ಬಿ’ ಪೂರ್ಣ ನಿರುಪದ್ರವಿಯೂ ಆಗಿರಲಿಲ್ಲ. 1938ರಲ್ಲಿ ಇಂಗ್ಲೆಂಡಿನ ಫ್ರೈ ಎಂಬವರು, ಇದೇ ಗುಂಪಿನ ಸೋಂಕಿನಿಂದ ಮೃತಪಟ್ಟ ಮೂವರು ಬಾಣಂತಿಯರ ವಿವರ ಪ್ರಕಟಿಸಿದರು. ಅಷ್ಟರಲ್ಲಿ ಸಲ್ಫಾ ಔಷಧಿಗಳು, ಬಳಿಕ ಪೆನಿಸಿಲಿನ್ ಬಂದು ಹೆರಿಗೆ ನಂಜು ತಗ್ಗತೊಡಗಿತು. ‘ಬಿ’ ಗುಂಪನ್ನು ವೈದ್ಯಲೋಕ ಹೆಚ್ಚುಕಡಿಮೆ ಮರೆತೇಬಿಟ್ಟಿತು.

ರೆಬೆಕಾ ಅವರ ಗಮನವೂ ಬಹುಕಾಲ ‘ಎ’ ಗುಂಪಿನ ಮೇಲೆಯೇ ಇತ್ತು. ಅದರ ಮೇಲ್ಮೈಯಲ್ಲಿರುವ ಎಂ ಪ್ರೋಟೀನ್ ರೋಗಕಾರಕ ಶಕ್ತಿಯ ಮೂಲ ಎಂಬುದನ್ನು ತೋರಿಸಿದ್ದು ಆಕೆಯ ಇನ್ನೊಂದು ಮಹತ್ಸಾಧನೆ. ಮಕ್ಕಳ ಗಂಟಲು ನೋವಿನಿಂದ ಆರಂಭಗೊಂಡು ಹೃದಯದ ಕವಾಟಗಳನ್ನು ಹಾಳುಗೆಡಹುವ ರುಮ್ಯಾಟಿಕ್ ಜ್ವರದ ಅಧ್ಯಯನಕ್ಕೆ ಇದು ಅಡಿಪಾಯವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಸ್ಟ್ರೆಪ್ಟೊಕಾಕಸ್ ಆಯೋಗಕ್ಕೆ ನೆರವಾದರು. ಎಲ್ಲಿ ಯಾವ ವಿಚಿತ್ರ ತಳಿ ಸಿಕ್ಕರೂ ಅದನ್ನು ಆಕೆಯ ಮೇಜಿಗೆ ಕಳುಹಿಸುವುದು ವಾಡಿಕೆಯಾಯಿತು. ಸಹೋದ್ಯೋಗಿಗಳು ಆ ಪ್ರಯೋಗಾಲಯವನ್ನು ಪತ್ತೇದಾರರ ಸ್ಕಾಟ್ಲೆಂಡ್ ಯಾರ್ಡಿಗೆ ಹೋಲಿಸುತ್ತಿದ್ದರು.

ಗೌರವಗಳು ಬಂದವು, ಕೆಲವು ತಡವಾಗಿ. 1943ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘದ ಅಧ್ಯಕ್ಷೆ. 1961ರಲ್ಲಿ ರೋಗನಿರೋಧ ವಿಜ್ಞಾನಿಗಳ ಸಂಘದ ಪ್ರಥಮ ಮಹಿಳಾ ಅಧ್ಯಕ್ಷೆ. ರಾಕ್‌ಫೆಲರ್‌ನಲ್ಲಿ ಪೂರ್ಣ ಪ್ರಾಧ್ಯಾಪಕಿ ಎನಿಸಿಕೊಳ್ಳಲು 1958ರವರೆಗೆ, ಅಂದರೆ 63ನೇ ವಯಸ್ಸಿನವರೆಗೆ ಕಾಯಬೇಕಾಯಿತು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆತಾಗ ಆಕೆಗೆ 75. ಹೊರಗಿನವರಿಗೆ ಗಂಭೀರ ವಿಜ್ಞಾನಿ. ಪ್ರತಿ ಕ್ರಿಸ್‌ಮಸ್‌ಗೆ ಮೊಟ್ಟೆ, ಕೆನೆ, ಮದ್ಯ ಸೇರಿಸಿ ತಾವೇ ತಯಾರಿಸಿದ ಎಗ್‌ನಾಗ್ ಎಂಬ ಪೇಯವನ್ನು ಸಹೋದ್ಯೋಗಿಗಳಿಗೆ ಹಂಚುತ್ತಿದ್ದರು.

ಇತ್ತ 1960ರ ದಶಕದಿಂದ ‘ಬಿ’ ಗುಂಪು ಬೇರೊಂದು ರೂಪದಲ್ಲಿ ತಲೆಯೆತ್ತಿತು. ಈ ಬಾರಿ ಅದರ ಬಲಿಪಶು ತಾಯಿಯಲ್ಲ, ಹುಟ್ಟಿದ ಗಂಟೆಗಳಲ್ಲೇ ಉಸಿರಾಟಕ್ಕೆ ಪರದಾಡುವ ಕೂಸು. 1964ರಲ್ಲಿ ಬಾಸ್ಟನ್‌ನಿಂದ ಬಂದ ವರದಿ ಎಚ್ಚರಿಸಿತು. 1970ರ ದಶಕದಲ್ಲಿ ಸೋಂಕಿತ ನವಜಾತ ಶಿಶುಗಳಲ್ಲಿ ಸಾವಿನ ಪ್ರಮಾಣ ಕೆಲವೆಡೆ ಅರ್ಧದಷ್ಟು ಇತ್ತು. ನಿವೃತ್ತಿಯಾಗಿ ವರ್ಷಗಳೇ ಸಂದಿದ್ದರೂ ರೆಬೆಕಾ ತಮ್ಮ ಹಳೆಯ ‘ಬಿ’ ತಳಿಗಳತ್ತ ಮರಳಿದರು. 1934ರಷ್ಟು ಹಿಂದೆಯೇ ಈ ಗುಂಪಿನೊಳಗೂ ಉಪಬಗೆಗಳಿವೆ ಎಂದು ತೋರಿಸಿದ್ದ ಕೆಲಸ ಈಗ ನೆರವಿಗೆ ಬಂತು. 1975ರಲ್ಲಿ, ತಮ್ಮ 80ನೇ ವಯಸ್ಸಿನಲ್ಲಿ, ಮ್ಯಾಕ್ಲಿನ್ ಮೆಕಾರ್ಟಿ ಮುಂತಾದವರೊಡನೆ ಆಕೆ ಪ್ರಕಟಿಸಿದ ಪ್ರಬಂಧವು ಯಾವ ಯಾವ ಪ್ರತಿಕಾಯಗಳು ಈ ಗುಂಪಿನ ವಿರುದ್ಧ ಇಲಿಗಳನ್ನು ರಕ್ಷಿಸುತ್ತವೆ ಎಂಬುದನ್ನು ವಿವರಿಸಿತು. ಮರುವರ್ಷ ಕ್ಯಾರಲ್ ಬೇಕರ್ ಮತ್ತು ಡೆನಿಸ್ ಕ್ಯಾಸ್ಪರ್, ತಾಯಿಯಲ್ಲಿ ಇಂತಹ ಪ್ರತಿಕಾಯ ಕಡಿಮೆಯಿದ್ದರೆ ಕೂಸಿಗೆ ಅಪಾಯ ಹೆಚ್ಚು ಎಂದು ತೋರಿಸಿದರು.

ಇಂದಿನ ಗರ್ಭಿಣಿಗೆ ಇದರಿಂದ ತಿಳಿಯಬೇಕಾದದ್ದೇನು? ಪಾಸಿಟಿವ್ ಎಂದರೆ ಕಾಯಿಲೆಯಲ್ಲ, 1935ರಲ್ಲಿ ಕಂಡಂತೆ ಒಕ್ಕಲಿದೆ ಎಂದಷ್ಟೇ ಅರ್ಥ. ಈ ಸೂಕ್ಷ್ಮಾಣುವಿನ ಮೂಲ ನೆಲೆ ಕರುಳು. ಅಲ್ಲಿಂದ ಜನನಾಂಗಕ್ಕೆ ಬರುತ್ತದೆ, ಹೋಗುತ್ತದೆ. ಗರ್ಭಿಣಿಯರಲ್ಲಿ ನೂರಕ್ಕೆ 10ರಿಂದ 30 ಮಂದಿಯಲ್ಲಿ ಇರುತ್ತದೆ. ಇದು ಕೊಳಕಿನ ಗುರುತಲ್ಲ, ಲೈಂಗಿಕ ರೋಗವೂ ಅಲ್ಲ. ಸೊಸೆಯನ್ನಾಗಲಿ, ಗಂಡನನ್ನಾಗಲಿ ದೂರುವ ಅಗತ್ಯವೇ ಇಲ್ಲ. ಏನೂ ಚಿಕಿತ್ಸೆ ಕೊಡದಿದ್ದರೂ ಇಂತಹ ತಾಯಂದಿರ ನೂರು ಶಿಶುಗಳಲ್ಲಿ ಮೊದಲ ವಾರದಲ್ಲಿ ಕಾಯಿಲೆ ಬೀಳುವುದು ಒಂದೆರಡು. ಆ ಒಂದೆರಡಕ್ಕೆ ಮಾತ್ರ ಅದು ಮಾರಣಾಂತಿಕವಾಗಬಹುದು.

ಪರಿಹಾರ ಹಳೆಯ ಪೆನಿಸಿಲಿನ್. ಹೆರಿಗೆ ನೋವು ಶುರುವಾದಾಗ ಅಥವಾ ನೀರು ಒಡೆದಾಗ ರಕ್ತನಾಳದ ಮೂಲಕ ಕೊಡಲಾಗುತ್ತದೆ. ಹೆರಿಗೆಗೆ ಕನಿಷ್ಠ 4 ಗಂಟೆ ಮೊದಲೇ ಸಿಕ್ಕರೆ ಉತ್ತಮ. ಹಾಗಾಗಿ ನೀರು ಒಡೆದ ಮೇಲೆ ಮನೆಯಲ್ಲಿ ಕಾಯುತ್ತ ಕೂರಬಾರದು. ಎಂಟನೇ ತಿಂಗಳಲ್ಲಿ ಮಾತ್ರೆ ನುಂಗಿ ಮುಗಿಸಿಬಿಡೋಣ ಎಂಬ ಯೋಚನೆ ಫಲಿಸದು, ಸೂಕ್ಷ್ಮಾಣು ಮತ್ತೆ ಬಂದು ನೆಲೆಸುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದರೆ ವೈದ್ಯರಿಗೆ ಮುಂಚಿತವಾಗಿ ಹೇಳಬೇಕು, ಬದಲಿ ಔಷಧಿಗಳಿವೆ. ನೋವು ಬರುವ ಮೊದಲೇ, ನೀರು ಒಡೆಯದೆ ಸಿಸೇರಿಯನ್ ಆದರೆ ಇದರ ಅಗತ್ಯ ಸಾಮಾನ್ಯವಾಗಿ ಬೀಳದು. ಎದೆಹಾಲು ಕುಡಿಸಲು ಯಾವ ಅಡ್ಡಿಯೂ ಇಲ್ಲ. ಒಂದು ಎಚ್ಚರ: ಮೊದಲ ವಾರ ಕಳೆದ ಮೇಲೆ ಬರುವ ಸೋಂಕನ್ನು ಈ ಚುಚ್ಚುಮದ್ದು ತಡೆಯುವುದಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ, ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

1986ರಲ್ಲಿ ಷಿಕಾಗೋದ ಬೋಯರ್ ಮತ್ತು ಗಾಟಾಫ್ ನಡೆಸಿದ ಪ್ರಯೋಗ ಈ ವಿಧಾನಕ್ಕೆ ಆಧಾರ ಒದಗಿಸಿತು. 2002ರಿಂದ ಅಮೆರಿಕದಲ್ಲಿ ಎಲ್ಲ ಗರ್ಭಿಣಿಯರ ತಪಾಸಣೆಗೆ ಶಿಫಾರಸು ಜಾರಿಗೆ ಬಂತು. 1990ರ ದಶಕದ ಆರಂಭದಲ್ಲಿ ಸಾವಿರ ಜನನಕ್ಕೆ 1.8ರಷ್ಟಿದ್ದ ಮೊದಲ ವಾರದ ಸೋಂಕು, 2015ರ ವೇಳೆಗೆ 0.23ಕ್ಕೆ ಇಳಿಯಿತು. ಬ್ರಿಟನ್ ಎಲ್ಲರನ್ನೂ ಪರೀಕ್ಷಿಸುವುದಿಲ್ಲ, ಅಪಾಯದ ಲಕ್ಷಣ ಇರುವವರಿಗೆ ಮಾತ್ರ ಔಷಧಿ ನೀಡುತ್ತದೆ. ಭಾರತದಲ್ಲಿಯೂ ಎಲ್ಲರಿಗೂ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮವಿಲ್ಲ. ಇಲ್ಲಿನ ಆಸ್ಪತ್ರೆಗಳ ನವಜಾತ ಶಿಶುಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್‌ನಂತಹ ಬೇರೆ ಸೂಕ್ಷ್ಮಾಣುಗಳ ಹಾವಳಿಯೇ ಹೆಚ್ಚು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ‘ಬಿ’ ಗುಂಪು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಶಿಶುಗಳ ಸಾವಿಗೆ ಕಾರಣ. ಗರ್ಭಿಣಿಯರಿಗೆ ಕೊಡಬಹುದಾದ, ಆರು ಉಪಬಗೆಗಳ ವಿರುದ್ಧದ ಲಸಿಕೆಯೊಂದರ ಆಶಾದಾಯಕ ಪ್ರಯೋಗ ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ. ಆ ಲಸಿಕೆಯ ತರ್ಕವು ರೆಬೆಕಾ ಬೇರ್ಪಡಿಸಿದ ಉಪಬಗೆಗಳ ಮೇಲೆಯೇ ನಿಂತಿದೆ.

ಇದಾವುದನ್ನೂ ನೋಡಲು ಆಕೆ ಇರಲಿಲ್ಲ. ಕ್ವೀನ್ಸ್‌ನ ಡಗ್ಲಸ್ಟನ್‌ನಲ್ಲಿದ್ದ ಮನೆಯಿಂದ ಪ್ರಯೋಗಾಲಯಕ್ಕೆ ಹೋಗಿಬರುವುದನ್ನು 85 ದಾಟಿದರೂ ನಿಲ್ಲಿಸಿರಲಿಲ್ಲ. 1980ರ ನವೆಂಬರ್‌ನಲ್ಲಿ ಸೊಂಟದ ಮೂಳೆ ಮುರಿಯಿತು. 1981ರ ಮಾರ್ಚ್ 3ರಂದು ಕೊನೆಯುಸಿರೆಳೆದರು. ಜಗತ್ತಿನ ನಾನಾ ಭಾಗಗಳಿಂದ ಬಂದ ಆರು ಸಾವಿರಕ್ಕೂ ಹೆಚ್ಚು ಸ್ಟ್ರೆಪ್ಟೊಕಾಕಸ್ ತಳಿಗಳ ಸಂಗ್ರಹವನ್ನು ಮುಂದಿನ ಸಂಶೋಧಕರಿಗಾಗಿ ಬಿಟ್ಟುಹೋದರು.