ಬೈಹಾರ್ಟ್ ಮಾಡಿ ಉಳಿಸಿದ ಕವಿತೆ

ಇಂಟರ್ನಲ್ಸ್ ಹಿಂದಿನ ರಾತ್ರಿ ನಾವೆಲ್ಲ ಬೈಹಾರ್ಟ್ ಮಾಡ್ತೀವಿ. ಪೇಪರ್ ಕೊಟ್ಟು ಹೊರಗೆ ಬರುವಷ್ಟರಲ್ಲಿ ಅರ್ಧ ಮರೆತು ಹೋಗಿರುತ್ತೆ. ಆದರೆ ರಷ್ಯಾದಲ್ಲಿ ಕೆಲವರು ಒಂದು ಕವಿತೆಯನ್ನು ಬೈಹಾರ್ಟ್ ಮಾಡಿ 20 ವರ್ಷಕ್ಕೂ ಹೆಚ್ಚು ಕಾಲ ತಲೆಯಲ್ಲೇ ಇಟ್ಟುಕೊಂಡಿದ್ದರು. ಅದನ್ನು ಕಾಗದದಲ್ಲಿ ಇಟ್ಟುಕೊಂಡರೆ ಜೈಲು ಸೇರುವ ಭಯ. ಆ ಕವಿತೆ ಬರೆದವರು ಅನ್ನಾ ಅಖ್ಮಾತೋವಾ.

ಅನ್ನಾ ಹುಟ್ಟಿದ್ದು 1889ರಲ್ಲಿ, ಕಪ್ಪು ಸಮುದ್ರದ ದಡದಲ್ಲಿರುವ ಒಡೆಸ್ಸಾ ಹತ್ತಿರ. ನಿಜವಾದ ಹೆಸರು ಅನ್ನಾ ಗೊರೆಂಕೊ. ಅಪ್ಪ ನೌಕಾಪಡೆಯಲ್ಲಿ ಇಂಜಿನಿಯರ್. ಮಗಳು ಕವಿತೆ ಬರೆಯುವುದು ಅವರಿಗೆ ಇಷ್ಟವಿರಲಿಲ್ಲ, ತಮ್ಮ ಹೆಸರನ್ನು ಅದಕ್ಕೆ ಸೇರಿಸಬಾರದು ಎಂದರು. ಅದಕ್ಕೇ ಅವರು ಮುತ್ತಜ್ಜಿಯ ಹೆಸರು ಅಖ್ಮಾತೋವಾ ಅಂತ ಇಟ್ಟುಕೊಂಡರು. 1912ರಲ್ಲಿ ಮೊದಲ ಸಂಕಲನ ಬಂತು. ಅದೇ ವರ್ಷ ಮಗ ಲೆವ್ ಹುಟ್ಟಿದ. ಸ್ವಲ್ಪ ವರ್ಷಗಳಲ್ಲೇ ಅವರು ದೇಶಕ್ಕೆಲ್ಲ ಗೊತ್ತಿರುವ ಕವಿಯಾದರು.

1917ರಲ್ಲಿ ಕ್ರಾಂತಿ ಆಯಿತು. 1921ರಲ್ಲಿ ಅವರ ಮಾಜಿ ಗಂಡ, ಕವಿ ಗುಮಿಲ್ಯೋವ್ ಅವರನ್ನು ಹೊಸ ಸರ್ಕಾರ ಗುಂಡಿಟ್ಟು ಕೊಂದಿತು. 1925ರ ಹೊತ್ತಿಗೆ ಅಖ್ಮಾತೋವಾ ಕವಿತೆಗಳು ಅಚ್ಚಾಗುವುದೇ ನಿಂತುಹೋಯಿತು. 1938ರಲ್ಲಿ ಮಗ ಲೆವ್‌ನನ್ನು ಹಿಡಿದುಕೊಂಡು ಹೋದರು. ಅವನಿಗೆ ಒಂದು ಗಂಟು ಕೊಡೋಕೆ, ಬದುಕಿದ್ದಾನಾ ಅಂತ ತಿಳಿಯೋಕೆ, ಲೆನಿನ್‌ಗ್ರಾಡ್ ಜೈಲಿನ ಮುಂದೆ ನೂರಾರು ಹೆಂಗಸರ ಕ್ಯೂನಲ್ಲಿ ಇವರೂ ನಿಂತರು. ಒಂದೆರಡು ದಿನ ಅಲ್ಲ, 17 ತಿಂಗಳು.

ಆ ಕ್ಯೂನಿಂದ ಹುಟ್ಟಿದ್ದೇ 'ರೆಕ್ವಿಯಂ' ಎಂಬ ಕವಿತೆ. ಆದರೆ ಬರೆದು ಇಡುವುದು ಎಲ್ಲಿ? ಮನೆ ಶೋಧ ಮಾಡಿದರೆ ಕವಿತೆಯೇ ಸಾಕ್ಷಿ. ಮಗ ಬೇರೆ ಅವರ ಕೈಯಲ್ಲೇ ಇದ್ದಾನೆ. ಗೋಡೆಯಲ್ಲಿ ಮೈಕ್ ಇರಬಹುದು ಅನ್ನೋ ಭಯಕ್ಕೆ ಜೋರಾಗಿ ಓದುವ ಹಾಗೂ ಇಲ್ಲ.

ಇಲ್ಲಿ ಬರುತ್ತಾರೆ ಲಿಡಿಯಾ ಚುಕೋವ್‌ಸ್ಕಾಯಾ. ಅವರ ಗಂಡ ಮತ್ವೇಯ್ ಬ್ರೋನ್‌ಸ್ಟೈನ್ ಕ್ವಾಂಟಂ ಗ್ರಾವಿಟಿ ಮೇಲೆ ಮೊದಮೊದಲು ಕೆಲಸ ಮಾಡಿದ ಭೌತವಿಜ್ಞಾನಿ. 1938ರಲ್ಲಿ ಅವರನ್ನೂ ಗುಂಡಿಟ್ಟು ಕೊಂದಿದ್ದರು. ಆಗ ಅವರಿಗೆ ಬರೀ 31 ವರ್ಷ. ಲಿಡಿಯಾ ಮನೆಗೆ ಬಂದಾಗ ಅಖ್ಮಾತೋವಾ ಚಹಾ, ಹವಾಮಾನ ಅಂತ ಏನೋ ಜೋರಾಗಿ ಮಾತಾಡುತ್ತಲೇ ಒಂದು ಚೀಟಿಯಲ್ಲಿ ಸಾಲುಗಳನ್ನು ಬರೆದು ಕೊಡುತ್ತಿದ್ದರು. ಲಿಡಿಯಾ ಸುಮ್ಮನೆ ಓದಿ, ಮನಸ್ಸಿಗೆ ತಗೊಂಡು, ವಾಪಸ್ ಕೊಡುತ್ತಿದ್ದರು. ಆಮೇಲೆ ಒಂದು ಬೆಂಕಿಕಡ್ಡಿ. ಚೀಟಿ ಆಶ್‌ಟ್ರೇಯಲ್ಲಿ ಬೂದಿ.

ಹೀಗೆ ಬೇರೆ ಬೇರೆ ಸ್ನೇಹಿತರ ತಲೆಯಲ್ಲಿ ಕವಿತೆ ಸೇರಿಕೊಂಡಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬ್ಯಾಕಪ್. ಒಬ್ಬರು ಅರೆಸ್ಟ್ ಆದರೂ ಇನ್ನೊಬ್ಬರ ಹತ್ತಿರ ಇರುತ್ತೆ. ಆದರೆ ಹಾರ್ಡ್ ಡಿಸ್ಕ್‌ಗೆ ಭಯ ಆಗಲ್ಲ, ಅದನ್ನು ಯಾರೂ ಹೊಡೆದು ಬಾಯಿ ಬಿಡಿಸಲ್ಲ. ಇವರು ಮನುಷ್ಯರು. ಹತ್ತು ಹನ್ನೊಂದು ಜನರಿಗೆ ಇದು ಬಾಯಿಪಾಠ ಇತ್ತಂತೆ. ಅವರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1946ರಲ್ಲಿ ಅವರನ್ನು ಲೇಖಕರ ಸಂಘದಿಂದ ಹೊರಹಾಕಿದರು. 1949ರಲ್ಲಿ ಲೆವ್ ಮತ್ತೆ ಅರೆಸ್ಟ್. ಆಗ ಅವರು ಮನೆಯಲ್ಲಿದ್ದ ಹಸ್ತಪ್ರತಿಗಳನ್ನು ಸುಟ್ಟುಹಾಕಿದರು. ಮಗನನ್ನು ಉಳಿಸಿಕೊಳ್ಳೋಕೆ ಸ್ಟಾಲಿನ್‌ನನ್ನು ಹೊಗಳಿ ಕವಿತೆ ಕೂಡ ಬರೆದರು. ಅವು ತಕ್ಷಣ ಪತ್ರಿಕೆಯಲ್ಲಿ ಅಚ್ಚಾದವು. ನಿಜವಾದ ಕವಿತೆ ಮಾತ್ರ ತಲೆಗಳಲ್ಲೇ ಇತ್ತು. ಇದನ್ನು ಓದಿದಾಗ ಮೊದಲು ನನಗೆ ಬೇಜಾರಾಯ್ತು. ಆಮೇಲೆ ಯೋಚಿಸಿದೆ, ಜೈಲಲ್ಲಿರೋದು ನನ್ನ ಮನೆಯವರಾಗಿದ್ದರೆ ನಾನೇನು ಮಾಡ್ತಿದ್ದೆ? ಉತ್ತರ ಸಿಗಲಿಲ್ಲ. ಆ ಹೊಗಳಿಕೆಯಿಂದ ಮಗನಿಗೆ ಬಿಡುಗಡೆಯೂ ಸಿಗಲಿಲ್ಲ. ಅವನು ಹೊರಗೆ ಬಂದಿದ್ದು 1956ರಲ್ಲಿ, ಸ್ಟಾಲಿನ್ ಸತ್ತು ಮೂರು ವರ್ಷ ಆದಮೇಲೆ.

1962ರಲ್ಲಿ 'ರೆಕ್ವಿಯಂ' ಕೊನೆಗೂ ತಲೆಯಿಂದ ಕಾಗದಕ್ಕೆ ಇಳಿಯಿತು. 1963ರಲ್ಲಿ ಮ್ಯೂನಿಕ್‌ನಲ್ಲಿ, ಅವರನ್ನು ಕೇಳದೆಯೇ, ಪುಸ್ತಕವಾಗಿ ಬಂತು. ಅಖ್ಮಾತೋವಾ ತೀರಿಕೊಂಡಿದ್ದು 1966ರ ಮಾರ್ಚ್ 5ರಂದು, ಸ್ಟಾಲಿನ್ ಸತ್ತ ದಿನಾಂಕವೂ ಅದೇ. ಅವರ ಸ್ವಂತ ದೇಶದಲ್ಲಿ ಕವಿತೆ ಪೂರ್ತಿಯಾಗಿ ಅಚ್ಚಾಗಿದ್ದು 1987ರಲ್ಲಿ. ಲಿಡಿಯಾ ಅದನ್ನು ನೋಡೋಕೆ ಇದ್ದರು.

ಇದನ್ನೆಲ್ಲ ಓದಿದ ಮೇಲೆ ನನಗೆ ಪೂರ್ತಿ ಬಾಯಿಗೆ ಬರುವ ಕನ್ನಡ ಕವಿತೆ ಎಷ್ಟಿದೆ ಅಂತ ಎಣಿಸಿದೆ. ನಾಡಗೀತೆ ಬಿಟ್ಟರೆ ಒಂದೂ ಇಲ್ಲ, ಅದರಲ್ಲೂ ಮಧ್ಯದಲ್ಲಿ ತಡವರಿಸ್ತೀನಿ. ಈ ಸೆಮಿಸ್ಟರ್ ಒಂದಾದರೂ ಕಲೀಬೇಕು ಅಂದುಕೊಂಡಿದ್ದೀನಿ. ಎಕ್ಸಾಂಗೆ ಅಲ್ಲ.