ಉಬ್ಬಸದ ನಡುವೆ ಬರೆದ ತ್ರಿವೇಣಿ

ಕಳೆದ ರಥಸಪ್ತಮಿ ಸಮಯಕ್ಕೆ ನಾವು ಐದು ಜನ ಹೇಮಗಿರಿ ಜಾತ್ರೆಗೆ ಹೋಗಿದ್ದೆವು. ಕೆ.ಆರ್. ಪೇಟೆ ಕಡೆಯ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಎರಡು ವರ್ಷದಿಂದ ಕರೀತಾನೇ ಇದ್ದ. ಹೇಮಾವತಿ ಹೊಳೆ, ಕಲ್ಯಾಣ ವೆಂಕಟರಮಣಸ್ವಾಮಿಯ ತೇರು, ಸಾಲು ಸಾಲಾಗಿ ಕಟ್ಟಿದ ಎತ್ತುಗಳು, ಕಡ್ಲೆಪುರಿ, ಬತ್ತಾಸು. ದನಗಳ ಜಾತ್ರೆ ಅಂದಮೇಲೆ ಧೂಳು ಇರಲೇಬೇಕಲ್ಲ, ಅದೂ ಬೇಕಾದಷ್ಟಿತ್ತು. ಸ್ವಲ್ಪ ಹೊತ್ತಿಗೆ ನಮ್ಮನ್ನು ಕರೆದುಕೊಂಡು ಬಂದವನೇ ಕಾಣಲಿಲ್ಲ. ಹುಡುಕಿದರೆ ಗಾಡಿಯೊಂದರ ಹಿಂದೆ, ಎಲ್ಲರಿಗೂ ಬೆನ್ನು ಮಾಡಿ ಕೂತು ಇನ್‌ಹೇಲರ್ ಎಳೆದುಕೊಳ್ಳುತ್ತಿದ್ದ. ನಮ್ಮನ್ನು ನೋಡಿದ ಕೂಡಲೇ ಅದನ್ನು ಜೇಬಿಗೆ ಸೇರಿಸಿ, ಏನಿಲ್ಲ ಕಣ್ರೋ, ಬರೀ ಧೂಳಿನ ಅಲರ್ಜಿ ಅಂದುಬಿಟ್ಟ.

ವಾಪಸ್ ಬರುವಾಗ ನಾಗಮಂಗಲದ ಮೇಲೆ ಬಂದು ಬೆಳ್ಳೂರು ಕ್ರಾಸ್‌ನಲ್ಲಿ ಟೀಗೆ ಇಳಿದಾಗ ನಿಜ ಹೊರಗೆ ಬಂತು. ಆರನೇ ಕ್ಲಾಸಿನಿಂದ ಅವನಿಗೆ ಉಬ್ಬಸ. ಎರಡು ಥರದ ಇನ್‌ಹೇಲರ್, ಮೇಲೆ ಮಾತ್ರೆ, ಆದರೂ ಹಿಡಿತಕ್ಕೆ ಬರಲ್ಲ. ಒಂದೇ ಕಾರಿಡಾರಿನಲ್ಲಿ ಎರಡು ವರ್ಷ ಇದ್ದೂ ನಮಗೆ ಗೊತ್ತೇ ಆಗಿರಲಿಲ್ಲ! ಆಮೇಲೆ ಅವನೇ ಮಾತು ತಿರುಗಿಸಿ, ಕಾದಂಬರಿ ಬರೀತಿದ್ದ ತ್ರಿವೇಣಿ ಮನೆತನದ ಊರು ಇದೇ ಬೆಳ್ಳೂರು, ಅವರಿಗೂ ಇದೇ ಕಾಯಿಲೆ ಇತ್ತು ಅಂದ. ಅವರಮ್ಮನಿಗೆ ತ್ರಿವೇಣಿ ಅಂದ್ರೆ ಪ್ರಾಣವಂತೆ. ಚಿಕ್ಕವನಿದ್ದಾಗ ಉಬ್ಬಸ ಬಂದ ರಾತ್ರಿಗಳಲ್ಲಿ ಬೆನ್ನು ನೀವುತ್ತಾ ಅವರ ಕಥೆಗಳನ್ನೇ ಹೇಳುತ್ತಿದ್ದರಂತೆ. ಈ ಸಲದ ಸಂಚಿಕೆಗೆ ಯಾರ ಬಗ್ಗೆ ಬರೆಯೋದು ಅನ್ನೋದು ಅಲ್ಲೇ ತೀರ್ಮಾನವಾಯಿತು.

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ. ಶಾಲೆಗೆ ಸೇರುವಾಗ ಅನಸೂಯ ಆಯಿತು. ಮುಂದೆ ಮದುವೆಯಾಗಿ ಅನಸೂಯಾ ಶಂಕರ್, ಪುಸ್ತಕದ ಮೇಲೆ ತ್ರಿವೇಣಿ. ಇಂಗ್ಲಿಷ್ ಗೀತಗಳ ಮೂಲಕ ಹೊಸಗನ್ನಡ ಕವಿತೆಗೆ ದಾರಿ ಮಾಡಿಕೊಟ್ಟ ಬಿ.ಎಂ. ಶ್ರೀಕಂಠಯ್ಯನವರು ಇವರ ದೊಡ್ಡಪ್ಪ. ಬಿ.ಎಂ.ಶ್ರೀ ಹೆಸರಿನ ಮೊದಲಕ್ಷರದಲ್ಲಿರುವ ಬೆಳ್ಳೂರೇ ನಾವು ಟೀ ಕುಡಿದ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ, ಶುಭಮಂಗಳ, ಎರಡು ಕನಸು ಬರೆದ ಕಾದಂಬರಿಗಾರ್ತಿ ವಾಣಿ ಕೂಡ ಇವರ ಸಂಬಂಧಿಕರೇ. ಅಂದರೆ ಮನೆತುಂಬಾ ಬರೆಯುವವರು.

ಓದಿನಲ್ಲೂ ಮುಂದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿ, ಮನಃಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರು. ಸೈಕಾಲಜಿ ಅನ್ನೋ ಪದವೇ ನಮ್ಮ ಊರುಗಳಿಗೆ ಹೊಸದಾಗಿದ್ದ ಕಾಲ ಅದು. ಆಮೇಲೆ ಮೈಸೂರಿನ ಶಾರದಾ ವಿಲಾಸ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಎಸ್.ಎನ್. ಶಂಕರ್ ಅವರ ಜೊತೆ ಮದುವೆ, ಚಾಮರಾಜಪುರಂನಲ್ಲಿ ಮನೆ. ಮೊದಲ ಕಾದಂಬರಿ ಅಪಸ್ವರ 1953ರಲ್ಲಿ ಬಂತು. ಅಲ್ಲಿಂದ ಹತ್ತು ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ, ಮೂರು ಕಥಾ ಸಂಕಲನ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಸೆಮಿಸ್ಟರಿಗೊಂದು ಕಾದಂಬರಿ. ಅದೂ ಉಬ್ಬಸ ಇಟ್ಟುಕೊಂಡು.

ಉಬ್ಬಸ ಅಂದರೇನು ಅಂತ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಭಾಷೆಯಲ್ಲಿ ನೋಡೋಣ. ಶ್ವಾಸನಾಳದ ಒಳಗೋಡೆ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ಕಟ್ಟುತ್ತದೆ. ಕೊಳವೆ ಕಿರಿದಾಗುತ್ತದೆ. ಹೇಗನ್-ಪ್ವಾಸೆಯ್ ಸೂತ್ರದ ಪ್ರಕಾರ ಹರಿವಿಗೆ ಬರುವ ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ತ್ರಿಜ್ಯ ಅರ್ಧವಾದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು! ನಿಜವಾದ ಶ್ವಾಸನಾಳ ಪಠ್ಯಪುಸ್ತಕದ ಪೈಪಿನಷ್ಟು ಸರಳ ಅಲ್ಲ. ಆದರೂ ಸ್ವಲ್ಪವೇ ಕಿರಿದಾದರೆ ಯಾಕಷ್ಟು ಕಷ್ಟ ಅನ್ನೋದು ಇದರಿಂದ ಅರ್ಥವಾಗುತ್ತೆ. ಉಸಿರು ಎಳೆದುಕೊಳ್ಳೋದಕ್ಕಿಂತ ಬಿಡೋದೇ ಕಷ್ಟ. ಹಳೇ ಗಾಳಿ ಒಳಗೇ ಉಳಿದು, ಹೊಸದಕ್ಕೆ ಜಾಗವಿಲ್ಲದಂತಾಗುತ್ತೆ. ಮಲಗಿದರೆ ಇನ್ನೂ ಹೆಚ್ಚು, ಕೂತೇ ಬೆಳಗು ಮಾಡಬೇಕು.

ತ್ರಿವೇಣಿ ಬದುಕಿದ್ದ ಕಾಲದಲ್ಲಿ ವೈದ್ಯರ ಕೈಯಲ್ಲಿ ಏನಿತ್ತು? ಎಫೆಡ್ರಿನ್ ಮಾತ್ರೆ ಇತ್ತು. ನುಂಗಿದರೆ ಎದೆ ಹೊಡೆದುಕೊಳ್ಳೋದು, ಕೈ ನಡುಗೋದು, ನಿದ್ದೆ ಹಾರಿಹೋಗೋದು. ಜೋರಾಗಿ ಬಂದರೆ ಅಡ್ರಿನಲಿನ್ ಚುಚ್ಚುಮದ್ದು, ಇಲ್ಲವೇ ನರಕ್ಕೆ ಅಮಿನೋಫಿಲಿನ್. ದತ್ತೂರಿ ಎಲೆ ತುಂಬಿದ ಆಸ್ತಮಾ ಸಿಗರೇಟುಗಳೂ ಆಗ ಬಳಕೆಯಲ್ಲಿದ್ದವು. ದತ್ತೂರಿ ಹೊಗೆ ಎಳೆಯುವ ಈ ಪದ್ಧತಿ 1800ರ ಆಸುಪಾಸಿನಲ್ಲಿ ನಮ್ಮ ಪಕ್ಕದ ಮದ್ರಾಸಿನಿಂದಲೇ ಇಂಗ್ಲೆಂಡಿಗೆ ಹೋದದ್ದು. ಸ್ಟೆರಾಯ್ಡ್ ಮಾತ್ರೆಗಳು 50ರ ದಶಕದಲ್ಲಿ ಬಂದವು. ಕೆಲಸ ಮಾಡುತ್ತಿದ್ದವು, ಆದರೆ ಹೆಚ್ಚು ದಿನ ನುಂಗಿದರೆ ಮೂಳೆಯಿಂದ ಹಿಡಿದು ಮೈಯೆಲ್ಲ ಬೆಲೆ ತೆರಬೇಕಿತ್ತು. ಒತ್ತಿದಾಗೆಲ್ಲ ಒಂದೇ ಅಳತೆಯ ಔಷಧಿ ಬಿಡುವ ಇನ್‌ಹೇಲರ್ ಮಾರುಕಟ್ಟೆಗೆ ಬಂದದ್ದೇ 1956ರಲ್ಲಿ, ಅದೂ ಅಮೆರಿಕದಲ್ಲಿ. ರೈಕರ್ ಕಂಪನಿಯ ಮುಖ್ಯಸ್ಥರ ಹದಿಮೂರು ವರ್ಷದ ಮಗಳಿಗೆ ಆಸ್ತಮಾ ಇತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಥರ ನನ್ನ ಔಷಧಿ ಯಾಕಿರಬಾರದು ಅಂತ ಅವಳು ಕೇಳಿದ್ದೇ ಆ ಉಪಕರಣಕ್ಕೆ ದಾರಿಯಾಯಿತು.

ಔಷಧಿಯ ಕೊರತೆ ಒಂದು ಕಡೆ, ನಂಬಿಕೆಯ ಕೊರತೆ ಇನ್ನೊಂದು ಕಡೆ. 1950ರ ಸುಮಾರಿಗೆ ಷಿಕಾಗೋದ ಮನೋವೈದ್ಯ ಫ್ರಾಂಜ್ ಅಲೆಕ್ಸಾಂಡರ್ ಮನಸ್ಸಿನಿಂದಲೇ ಹುಟ್ಟುವ ಏಳು ಕಾಯಿಲೆಗಳ ಪಟ್ಟಿ ಮಾಡಿದರು. ಅದರಲ್ಲಿ ಆಸ್ತಮಾ ಕೂಡ ಇತ್ತು. ಆ ಕಾಲದ ಸೈಕಾಲಜಿ ಪುಸ್ತಕಗಳಲ್ಲಿ ಇದೇ ಮಾತು. ಚಿಂತೆ, ದುಃಖ, ಭಯ ಉಬ್ಬಸವನ್ನು ಕೆರಳಿಸಬಹುದು, ನಿಜ. ಆದರೆ ಕಾಯಿಲೆ ಇರೋದು ಶ್ವಾಸನಾಳದ ಉರಿಯೂತದಲ್ಲಿ ಅಂತ ಗಟ್ಟಿಯಾಗಿ ಗೊತ್ತಾಗಲು ಇನ್ನೂ ಕೆಲವು ದಶಕ ಬೇಕಾಯಿತು. ಅಲ್ಲಿಯವರೆಗೆ ಎಷ್ಟೋ ರೋಗಿಗಳು, ಅದರಲ್ಲೂ ಹೆಣ್ಣುಮಕ್ಕಳು, ಎಲ್ಲ ನಿನ್ನ ಮನಸ್ಸಿನದ್ದೇ ಅನ್ನೋ ಮಾತು ಕೇಳಿಸಿಕೊಳ್ಳಬೇಕಿತ್ತು.

ಇದನ್ನು ತಿಳಿದುಕೊಂಡು ತ್ರಿವೇಣಿಯವರ ಕಾದಂಬರಿಗಳನ್ನು ಓದಿದಾಗ ನಮಗೆ ಬೇರೆಯದೇ ಕಂಡಿತು. ಅವರು ಮೈಯ ಕಾಯಿಲೆ ಬಗ್ಗೆ ಬರೆದದ್ದಕ್ಕಿಂತ ಮನಸ್ಸಿನ ಕಾಯಿಲೆ ಬಗ್ಗೆ ಬರೆದದ್ದೇ ಹೆಚ್ಚು. ಹುಚ್ಚು ಅಂದರೆ ದೆವ್ವ, ಶಾಪ, ಪೂರ್ವಜನ್ಮದ ಪಾಪ ಅಂತಿದ್ದ ಊರುಗಳಲ್ಲಿ, ಇದು ಕಾಯಿಲೆ, ಇದಕ್ಕೆ ಕಾರಣವಿದೆ, ಚಿಕಿತ್ಸೆಯಿದೆ ಅಂತ ಮನೆಮನೆಯ ಹೆಂಗಸರಿಗೆ ಕಥೆಯಲ್ಲೇ ತಿಳಿಸಿದರು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಮುಂದೆ ನಿಮ್ಹಾನ್ಸ್ ಆದದ್ದು, ಶುರುವಾದದ್ದೂ ಇದೇ ಸಮಯದಲ್ಲಿ, 1954ರಲ್ಲಿ. ಶರಪಂಜರದ ಕಾವೇರಿಯನ್ನೇ ನೋಡಿ. ಬಾಣಂತನದ ಸಮಯದಲ್ಲಿ ಬುದ್ಧಿ ಕೆಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಕಷ್ಟ ಶುರುವಾಗೋದೇ ಆಮೇಲೆ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಕಾಯಿಲೆಗಿಂತ ಜನರ ನೋಟವೇ ಅವಳನ್ನು ಮತ್ತೆ ಕೆಡವುತ್ತದೆ. ಗುಳಿಗೆ ನುಂಗುವ, ರಾತ್ರಿ ಕೂತೇ ಕಳೆಯುವ ಬದುಕನ್ನು ಒಳಗಿನಿಂದ ಬಲ್ಲವರು ಬರೆದದ್ದು ಅಂತ ಓದುವಾಗ ನಮಗಂತೂ ಅನಿಸಿತು.

ಅವರಿಗೆ ಮಗು ಬೇಕು ಅನ್ನೋ ಆಸೆ ಬಹಳ ಇತ್ತು. ಹಲವು ಸಲ ಗರ್ಭ ನಿಲ್ಲಲಿಲ್ಲ. ಕೊನೆಗೆ 1963ರ ಜುಲೈನಲ್ಲಿ ಹೆಣ್ಣುಮಗು ಹುಟ್ಟಿತು. ಆ ಸಂತೋಷ ಉಳಿದದ್ದು ಹತ್ತೇ ದಿನ. ಜುಲೈ 29ರಂದು ತ್ರಿವೇಣಿ ತೀರಿಕೊಂಡರು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಹೆರಿಗೆಯ ನಂತರದ ದಿನಗಳಲ್ಲಿ ಈ ಅಪಾಯ ಜಾಸ್ತಿ. ವರ್ಷಗಟ್ಟಲೆ ಕಾಡಿದ ಉಬ್ಬಸ ಅವರನ್ನು ಕೊಲ್ಲಲಿಲ್ಲ, ಕೊನೆಗೂ ಉಸಿರಿನ ದಾರಿಯಲ್ಲೇ ಇನ್ನೊಂದು ಬಂದು ಕರೆದುಕೊಂಡು ಹೋಯಿತು. ಆಗ ವಯಸ್ಸು 34. ಅರ್ಧಕ್ಕೆ ನಿಂತಿದ್ದ ಅವಳ ಮಗಳು ಕಾದಂಬರಿಯನ್ನು ಲೇಖಕಿ ಎಂ.ಸಿ. ಪದ್ಮಾ ಪೂರ್ತಿ ಮಾಡಿದರು.

ಆಮೇಲಿನದ್ದು ನಿಮ್ಮ ಮನೆಯ ಹಿರಿಯರಿಗೆಲ್ಲ ಗೊತ್ತು. ಪುಟ್ಟಣ್ಣ ಕಣಗಾಲ್ 1967ರಲ್ಲಿ ಬೆಳ್ಳಿಮೋಡ, 1971ರಲ್ಲಿ ಶರಪಂಜರ ತೆಗೆದರು, ಎರಡರಲ್ಲೂ ಕಲ್ಪನಾ. ಬೆಕ್ಕಿನ ಕಣ್ಣು ಮಲಯಾಳಂಗೂ ಹೋಯಿತು. ಹಣ್ಣೆಲೆ ಚಿಗುರಿದಾಗ ರಾಜ್‌ಕುಮಾರ್ ಸಿನಿಮಾ ಆಯಿತು. ಇದ್ಯಾವುದನ್ನೂ ಅವರು ನೋಡಲಿಲ್ಲ.

ಅವರು ನೋಡದೇ ಹೋದದ್ದು ಇನ್ನೂ ಇದೆ. ಇವತ್ತು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಲ್ಬುಟಮಾಲ್ ಇನ್‌ಹೇಲರ್ ಬಂದದ್ದು 1969ರಲ್ಲಿ, ಅವರು ಹೋಗಿ ಆರು ವರ್ಷಕ್ಕೆ. ಉರಿಯೂತವನ್ನೇ ತಗ್ಗಿಸುವ ಸ್ಟೆರಾಯ್ಡ್ ಇನ್‌ಹೇಲರ್ 1972ರಲ್ಲಿ. ಮಾತ್ರೆ ಮೈಯೆಲ್ಲ ಸುತ್ತಿ ಬರುವ ಬದಲು, ಔಷಧಿ ಬೇಕಾದ ಜಾಗಕ್ಕೇ ಹೋಗಿ ಬೀಳುವಂತಾಯಿತು. ಬಹಳ ಜನರಿಗೆ ಇಷ್ಟು ಸಾಕು. ನಮ್ಮ ಗೆಳೆಯನಂಥ ಕೆಲವರಿಗೆ ಸಾಕಾಗಲ್ಲ. ವೈದ್ಯರು ಮೊದಲು ನೋಡೋದು ಇನ್‌ಹೇಲರ್ ಸರಿಯಾಗಿ ಎಳೆದುಕೊಳ್ಳುತ್ತಿದ್ದಾರಾ, ದಿನಾ ತಗೊಳ್ತಿದ್ದಾರಾ, ಹೊಗೆ ಧೂಳು ಎಲ್ಲಿಂದ ಬರುತ್ತಿದೆ ಅನ್ನೋದನ್ನ. ಅದೆಲ್ಲ ಸರಿಯಿದ್ದು, ದೊಡ್ಡ ಡೋಸ್ ಕೊಟ್ಟರೂ ಹಿಡಿತಕ್ಕೆ ಬರದಿದ್ದರೆ ಅದು ತೀವ್ರ ಆಸ್ತಮಾ. ಅದಕ್ಕೆ 2003ರಿಂದ ಬಯೋಲಾಜಿಕ್ ಅನ್ನೋ ಚುಚ್ಚುಮದ್ದುಗಳಿವೆ. ಬೆಲೆ ಮಾತ್ರ ಎಲ್ಲರ ಕೈಗೆ ಎಟಕುವಂಥದ್ದಲ್ಲ.

ಇಷ್ಟು ಬರೆದ ಮೇಲೆ ಡ್ರಾಫ್ಟ್ ಓದಿಸಿದ್ದು ನಮ್ಮ ಗೆಳೆಯನಿಗೇ. ಗಾಡಿ ಹಿಂದೆ ಕೂತ ವಿಷಯ ತೆಗೆಯೋಣವಾ ಅಂತ ಕೇಳಿದೆವು. ಬೇಡ, ಇರಲಿ ಅಂದ. ಇನ್‌ಹೇಲರ್ ಬಚ್ಚಿಟ್ಟದ್ದು ಯಾಕೆ ಅಂತಲೂ ಕೇಳಿದೆವು. ಪ್ಲೇಸ್‌ಮೆಂಟ್, ಕ್ರಿಕೆಟ್ ಟೀಮು, ಪಾಪ ಅಂತ ನೋಡೋ ಕಣ್ಣುಗಳು, ಹೀಗೆ ಕಾರಣ ಬೇಕಾದಷ್ಟಿದ್ದವು. ನಾವು ಅವನನ್ನು ಕಾವೇರಿಯನ್ನು ನೋಡಿದ ಹಾಗೆ ನೋಡಿಬಿಡ್ತೀವಿ ಅನ್ನೋದೇ ಅವನ ಹೆದರಿಕೆ. ಈಗ ಅವನ ಇನ್‌ಹೇಲರ್ ಎಲ್ಲಿರುತ್ತೆ ಅಂತ ರೂಮಿನವರಿಗೆಲ್ಲ ಗೊತ್ತು. ರಾತ್ರಿ ಜೋರಾದರೆ ಯಾರ ಬೈಕು, ಯಾವ ಆಸ್ಪತ್ರೆ ಅನ್ನೋದೂ ಮಾತಾಡಿಟ್ಟಿದ್ದೇವೆ. ರೂಮಿನಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಹಚ್ಚೋದು ಬಿಟ್ಟಿದ್ದೇವೆ.

ಮೈಸೂರಿಗೆ ಹೋದರೆ ಚಾಮರಾಜಪುರಂನ ತ್ರಿವೇಣಿಯವರ ಮನೆ ನೋಡಿ ಬನ್ನಿ, ಈಗ ಅದು ಅವರ ನೆನಪಿನ ಮ್ಯೂಸಿಯಂ. ಅಷ್ಟು ದೂರ ಆಗಲ್ಲ ಅಂದ್ರೆ ಲೈಬ್ರರಿಯಲ್ಲಿ ಶರಪಂಜರ ಸಿಗುತ್ತೆ. ಮೊದಲು ತಗೊಂಡವರು ಬೇಗ ವಾಪಸ್ ಕೊಡಿ, ಕ್ಯೂನಲ್ಲಿ ಈಗಾಗಲೇ ನಾವು ನಾಲ್ಕು ಜನ ಇದ್ದೇವೆ.