ಫ್ಲಾರೆನ್ಸ್ ನೈಟಿಂಗೇಲಳೂ ಆಸ್ಪತ್ರೆಯ ಗಾಳಿಯೂ

ಕೈಯಲ್ಲಿ ದೀಪವನ್ನು ಹಿಡಿದು, ಇರುಳಿನಲ್ಲಿ ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ನಡೆದುಹೋಗುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲಳ ಚಿತ್ರವಿಲ್ಲದ ಹೆಣ್ಣುಮಕ್ಕಳ ಶಾಲೆಯು ವಿರಳ. ಈ ಸಂಚಿಕೆಯನ್ನು ಓದುವ ತಾಯಂದಿರಲ್ಲಿ ಅನೇಕರು ಆಕೆಯ ಕಥೆಯನ್ನು ಬಾಲ್ಯದಲ್ಲಿಯೇ ಪಾಠವಾಗಿ ಒಪ್ಪಿಸಿದವರು. ಆದರೆ ಆ ದೀಪದ ಬೆಳಕಿಗೆ ಕಾಣದಿದ್ದುದು ಒಂದಿತ್ತು. ಅದು ರೋಗಿಗಳು ಉಸಿರಾಡುತ್ತಿದ್ದ ಗಾಳಿ. ಆ ಗಾಳಿಯ ವಿಷಯದಲ್ಲಿ ಆಕೆಯು ಬಹು ಕಹಿಯಾದ ಅನುಭವದಿಂದ ಪಾಠವನ್ನು ಕಲಿತು, ಉಳಿದ ಆಯುಷ್ಯದ ಬಹುಭಾಗವನ್ನು ಅದನ್ನು ಲೋಕಕ್ಕೆ ಕಲಿಸುವುದರಲ್ಲಿ ಕಳೆದಳು. ಕಥೆಯ ಈ ಭಾಗವು ಅಷ್ಟಾಗಿ ಪ್ರಚಾರದಲ್ಲಿಲ್ಲದ ಕಾರಣ ಅದನ್ನೇ ಇಲ್ಲಿ ಹೇಳಲಾಗುವುದು.

ಆಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಊರಿನ ಹೆಸರನ್ನೇ ತಾಯಿತಂದೆಗಳು ಮಗುವಿಗೆ ಇಟ್ಟರು. ಅವರು ಇಂಗ್ಲೆಂಡಿನ ಸಿರಿವಂತರು. ತಂದೆಯು ತಾನೇ ಗುರುವಾಗಿ ಮಗಳಿಗೆ ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಕಲಿಸಿದನು. ಗಣಿತದಲ್ಲಿಯಂತೂ ಆಕೆಗೆ ತೀರದ ಆಸಕ್ತಿಯಿದ್ದಿತು. ಹದಿನಾರನೆಯ ವಯಸ್ಸಿನಲ್ಲಿ ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಯು ನಂಬಿದಳು. ಆದರೆ ರೋಗಿಗಳ ಶುಶ್ರೂಷೆಯು ಮಾನವಂತ ಮನೆತನದ ಹೆಣ್ಣಿಗೆ ತಕ್ಕುದಲ್ಲವೆಂದು ಆ ಕಾಲದವರು ಎಣಿಸುತ್ತಿದ್ದುದರಿಂದ ಮನೆಯವರು ಅನೇಕ ವರ್ಷ ಒಪ್ಪಲಿಲ್ಲ. ಕಡೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿದ್ದ ಸೇವಿಕೆಯರ ಸಂಸ್ಥೆಯಲ್ಲಿ ಸುಮಾರು 3 ತಿಂಗಳು ಇದ್ದು ಶಿಕ್ಷಣ ಪಡೆದಳು. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಅಲ್ಲಿ ಮೊದಲು ಕೇಳಿದ್ದು ಏನೆಂದರೆ, ಬಿಸಿನೀರು ಕೊಳವೆಯ ಮೂಲಕ ಪ್ರತಿಯೊಂದು ಅಂತಸ್ತಿಗೂ ಬರಬೇಕು, ಊಟವನ್ನು ಮೇಲಕ್ಕೆ ಎಳೆಯಲು ರಾಟೆಯಿರಬೇಕು ಎಂಬುದು. ದಾದಿಯ ದಿನವೆಲ್ಲಾ ಮೆಟ್ಟಿಲುಗಳಲ್ಲಿಯೇ ಕಳೆದರೆ ರೋಗಿಯ ಬಳಿಯಲ್ಲಿ ಇರುವವರು ಯಾರು? ಕಟ್ಟಡವೂ ಶುಶ್ರೂಷೆಯ ಒಂದು ಅಂಗವೆಂಬುದನ್ನು ಆಕೆಯು ಆಗಲೇ ಅರಿತಿದ್ದಳು.

ಮರುವರ್ಷ ಕ್ರಿಮಿಯಾ ಯುದ್ಧವು ನಡೆಯುತ್ತಿರಲು, 38 ಮಂದಿ ದಾದಿಯರೊಡನೆ ಹೊರಟು 1854ರ ನವೆಂಬರ್ 4ರಂದು ತುರ್ಕಿ ದೇಶದ ಸ್ಕುಟಾರಿಯನ್ನು ಸೇರಿದಳು. ಅಲ್ಲಿಯ ಆಸ್ಪತ್ರೆಯು ಮೊದಲು ತುರ್ಕಿ ಸೈನಿಕರ ವಸತಿಯಾಗಿದ್ದ ಮಹಾ ಕಟ್ಟಡ. ಉದ್ದುದ್ದವಾದ ಓಣಿಗಳಲ್ಲಿಯೂ ರೋಗಿಗಳನ್ನು ಸಾಲಾಗಿ ಮಲಗಿಸಿದ್ದರು. ಆಕೆಯು ನೆಲವನ್ನು ಉಜ್ಜಿಸಿದಳು, ಬಟ್ಟೆ ಒಗೆಯುವ ಏರ್ಪಾಡು ಮಾಡಿದಳು, ಪಥ್ಯದ ಅಡಿಗೆಮನೆಗಳನ್ನು ತೆರೆದಳು, ಸಾಯುವವರ ಪಕ್ಕದಲ್ಲಿ ಕುಳಿತಳು. ಇಷ್ಟೆಲ್ಲಾ ಆದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. ಸತ್ತವರಲ್ಲಿ ಗಾಯದಿಂದ ಸತ್ತವರಿಗಿಂತ ಜ್ವರ, ಅತಿಸಾರ ಮೊದಲಾದ ರೋಗಗಳಿಂದ ಸತ್ತವರೇ ಬಹಳ ಹೆಚ್ಚು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣವು ನೂರಕ್ಕೆ 42ನ್ನು ಮುಟ್ಟಿತೆಂದು ಆಕೆಯೇ ಮುಂದೆ ಲೆಕ್ಕವಿಟ್ಟಳು.

ಕಾರಣವು ಕಾಲಡಿಯಲ್ಲಿಯೇ ಇದ್ದಿತು. ಕಟ್ಟಡದ ಕೆಳಗಿದ್ದ ಚರಂಡಿಗಳು ಹೂಳಿನಿಂದ ಕಟ್ಟಿಹೋಗಿದ್ದುವು. ಗಾಳಿ ಬೀಸಿದಾಗಲೆಲ್ಲಾ ಅವುಗಳ ದುರ್ಗಂಧವು ಪಾಯಖಾನೆಯ ಕೊಳವೆಗಳ ಮೂಲಕ ಮೇಲೇರಿ, ರೋಗಿಗಳಿದ್ದ ಓಣಿಗಳನ್ನೂ ಕೊಠಡಿಗಳನ್ನೂ ತುಂಬುತ್ತಿದ್ದಿತು. ಕೆಟ್ಟ ಗಾಳಿಯು ಹೊರಗೆ ಹೋಗಲು ತಕ್ಕ ಕಂಡಿಗಳಿರಲಿಲ್ಲ. ಕುಡಿಯುವ ನೀರೂ ಮಲಿನವಾಗಿದ್ದಿತು. ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸರಕಾರವು ಕಳುಹಿಸಿದ ಆರೋಗ್ಯ ಮಂಡಲಿಯು ಅಲ್ಲಿಗೆ ಬಂದಿತು. ಅದರಲ್ಲಿ ವೈದ್ಯರಾದ ಸದರ್ಲೆಂಡ್ ಮತ್ತು ಗ್ಯಾವಿನ್, ಇಂಜಿನಿಯರಾದ ರಾಲಿನ್‌ಸನ್ ಇದ್ದರು. ಅವರಿಗೆ ಕೊಟ್ಟಿದ್ದ ಅಪ್ಪಣೆಯು ಗಮನಿಸತಕ್ಕದ್ದು: ಆಜ್ಞೆ ಕೊಟ್ಟು ಸುಮ್ಮನಿರಕೂಡದು, ಕೆಲಸವು ಆರಂಭವಾದುದನ್ನು ಕಣ್ಣಾರೆ ಕಂಡು, ಮುಗಿಯುವ ತನಕ ದಿನದಿನವೂ ಮೇಲ್ವಿಚಾರಣೆ ನಡಿಸತಕ್ಕದ್ದು. ಅವರು ಚರಂಡಿಗಳನ್ನು ತೊಳೆಯಿಸಿದರು, ಸತ್ತ ಪ್ರಾಣಿಗಳನ್ನು ಸಾಗಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಯು ಆಡುವಂತೆ ಕಂಡಿಗಳನ್ನು ತೆರೆಯಿಸಿದರು. ಚಳಿಗಾಲವು ಕಳೆದುದೂ, ಆಹಾರ ಬಟ್ಟೆಗಳು ಸರಿಯಾಗಿ ಬಂದುದೂ ಸಹಾಯವಾದುವು ನಿಜ. ಆದರೂ ಜೂನ್ ತಿಂಗಳ ಹೊತ್ತಿಗೆ ಸಾವು ನೂರಕ್ಕೆ 2ರಷ್ಟಕ್ಕೆ ಇಳಿಯಿತೆಂಬುದು ಸಾಮಾನ್ಯವಲ್ಲ.

1856ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಜನರು ಆಕೆಯನ್ನು ದೇವತೆಯೆಂದು ಕೊಂಡಾಡಿದರು. ಆಕೆಯಾದರೋ ಮೆರವಣಿಗೆಗಳನ್ನು ತಪ್ಪಿಸಿಕೊಂಡು, ವಿಲಿಯಂ ಫಾರ್ ಎಂಬ ಅಂಕಿಸಂಖ್ಯೆಗಳ ಪಂಡಿತನೊಡನೆ ಕುಳಿತು ಸತ್ತವರ ಲೆಕ್ಕವನ್ನು ಮಾಡಿದಳು. ತಾನು ಹಗಲಿರುಳು ದುಡಿದ ಆಸ್ಪತ್ರೆಯಲ್ಲಿಯೇ ಸಾವು ಅತಿಯಾಗಿದ್ದಿತೆಂಬುದನ್ನು ಆ ಅಂಕಿಗಳು ತೋರಿಸಿದುವು. ಇಂಥ ಲೆಕ್ಕವನ್ನು ಮುಚ್ಚಿಡಬಹುದಾಗಿತ್ತು, ಕೇಳುವವರೂ ಇರಲಿಲ್ಲ. ಆಕೆಯು ಅದನ್ನು ಮುಚ್ಚಿಡದೆ, ಬಣ್ಣದ ಚಿತ್ರಗಳಾಗಿ ಬಿಡಿಸಿ ಅಧಿಕಾರಿಗಳ ಮುಂದಿಟ್ಟಳು. ಪ್ರೀತಿಯಿಂದ ಮಾಡಿದ ಶುಶ್ರೂಷೆಯೂ ಕೆಟ್ಟ ಗಾಳಿಯ ಮುಂದೆ ಸೋಲುವುದೆಂಬುದನ್ನು ಒಪ್ಪಿಕೊಂಡುದೇ ಆಕೆಯ ನಿಜವಾದ ಧೈರ್ಯವೆಂದು ನಮಗೆ ತೋರುತ್ತದೆ.

1859ರಲ್ಲಿ ಆಸ್ಪತ್ರೆಗಳನ್ನು ಕುರಿತು ಒಂದು ಪುಸ್ತಕವನ್ನೂ ಶುಶ್ರೂಷೆಯನ್ನು ಕುರಿತು ಇನ್ನೊಂದನ್ನೂ ಬರೆದಳು. ರೋಗಿಯು ಉಸಿರಾಡುವ ಗಾಳಿಯನ್ನು ಹೊರಗಿನ ಗಾಳಿಯಷ್ಟೇ ಶುದ್ಧವಾಗಿ, ಆದರೆ ಅವನಿಗೆ ಚಳಿಯಾಗದಂತೆ ಇಡುವುದೇ ದಾದಿಯ ಮೊದಲನೆಯ ಧರ್ಮವೆಂದು ಅದರಲ್ಲಿ ವಿಧಿಸಿದಳು. ಗಾಳಿಯು ಓಣಿಯಿಂದ ಬಂದರೆ ಸಾಲದು, ಬಯಲಿನಿಂದಲೇ ಬರಬೇಕು. ವಾರ್ಡಿನ ಎರಡು ಪಕ್ಕಗಳಲ್ಲಿಯೂ ಎದುರುಬದುರಾಗಿ ಕಿಟಕಿಗಳಿರಬೇಕು. ಎರಡು ಹಾಸಿಗೆಗಳಿಗೆ ಒಂದರಂತಾದರೂ ಇರಬೇಕು. ಅವು ನೆಲದಿಂದ 2, 3 ಅಡಿ ಎತ್ತರದಲ್ಲಿ ಆರಂಭವಾಗಿ ಛಾವಣಿಗೆ 1 ಅಡಿ ಕೆಳಗಿನ ತನಕ ಏರಬೇಕು. ಕೆಟ್ಟ ಗಾಳಿಯು ಮೇಲುಗಡೆಯಿಂದ ಹೊರಡುವುದಕ್ಕೆ ಇದು ಅವಶ್ಯ. ಆ ಕಾಲದ ಪ್ಯಾರಿಸ್ ನಗರದ ಲಾರಿಬ್ವಾಸಿಯೇರ್ ಆಸ್ಪತ್ರೆಯ ಬಿಡಿಬಿಡಿಯಾದ ಕಟ್ಟಡಗಳನ್ನು ಆಕೆಯು ಮೆಚ್ಚಿದಳು. ಆದರೆ ಅಲ್ಲಿ ಆವಿಯಂತ್ರದಿಂದ ಗಾಳಿಯನ್ನು ನೂಕುವ ಏರ್ಪಾಡನ್ನು ಮೆಚ್ಚಲಿಲ್ಲ. ತೆರೆದ ಕಿಟಕಿಯನ್ನೂ ಒಲೆಯ ಹೊಗೆಗೂಡನ್ನೂ ಆಕೆಯು ಹೆಚ್ಚಾಗಿ ನಂಬಿದಳು. 1871ರಲ್ಲಿ ತೆರೆಯಲ್ಪಟ್ಟ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯು ಈ ಕ್ರಮದಲ್ಲಿಯೇ ಕಟ್ಟಲ್ಪಟ್ಟಿತು. ಆ ಆಸ್ಪತ್ರೆಗೆ ಸೇರಿದಂತೆ ಆಕೆಯ ಹೆಸರಿನ ದಾದಿಯರ ಶಾಲೆಯು 1860ರಲ್ಲಿಯೇ ಆರಂಭವಾಗಿದ್ದಿತು.

ಕಿಟಕಿಯನ್ನು ಇಡಿಸಿದರೆ ಕೆಲಸವು ಮುಗಿಯಿತೇ? ಇಲ್ಲವೆಂಬುದೇ ಆಕೆಯ ಬೋಧನೆಯ ಸಾರ. ಒಬ್ಬಳು ತೆರೆದ ಕಿಟಕಿಯನ್ನು ಇನ್ನೊಬ್ಬಳು ಮುಚ್ಚುವಳು. ಹೊಗೆಗೂಡಿನ ಬಾಯಿಗೆ ಯಾರೋ ಹಲಗೆಯನ್ನು ಅಡ್ಡವಿಡುವರು. ಆದುದರಿಂದ ಮೇಲ್ವಿಚಾರಕಿಯಾದವಳು ತಾನು ಇರುವಾಗ ಸರಿಯಾಗಿ ನಡೆಯಿತೇ ಎಂದು ಕೇಳಿಕೊಂಡರೆ ಸಾಲದು. ತಾನು ಇಲ್ಲದಿರುವಾಗಲೂ ಅದು ನಡೆಯುವಂತೆ ಏನು ಏರ್ಪಾಡು ಮಾಡಿದೆನೆಂದು ಕೇಳಿಕೊಳ್ಳಬೇಕು. ಜ್ವರವನ್ನು ಅಳೆಯುವಂತೆ ಕೋಣೆಯ ಗಾಳಿಯ ಶುದ್ಧತೆಯನ್ನೂ ಅಳೆಯುವ ಸುಲಭ ಸಾಧನವೊಂದು ದಾದಿಯರ ಮತ್ತು ತಾಯಂದಿರ ಕೈಗೆ ಬರಬೇಕೆಂದು ಸಹ ಆಕೆಯು ಬಯಸಿದಳು.

ಭಾರತಕ್ಕೆ ಆಕೆಯು ಎಂದೂ ಬರಲಿಲ್ಲ; ಆದರೂ ನಮ್ಮ ದೇಶದ ದಂಡಿನ ಠಾಣೆಗಳಿಗೆ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ರೋಗದ ಹಾಸಿಗೆಯ ಮೇಲಿದ್ದುಕೊಂಡೇ ಪರಿಶೀಲಿಸಿದಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ರಾಜಮಂಡಲಿಯ ವರದಿಯು ಹೇಳಿತು. ಇದಕ್ಕೆ ಹವೆಯೊಂದನ್ನೇ ದೂಷಿಸಬಾರದು, ಇಕ್ಕಟ್ಟಾದ ವಸತಿ, ಕೆಟ್ಟ ನೀರು, ಕಟ್ಟಿದ ಚರಂಡಿ, ನಿಂತ ಗಾಳಿ ಇವೇ ಕಾರಣಗಳೆಂದು ಆಕೆಯು ವಾದಿಸಿದಳು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನು ಪಡೆದ ಮೊದಲನೆಯ ಮಹಿಳೆಯಾಗಿ, 1910ರ ಆಗಸ್ಟ್ 13ರಂದು 90ನೆಯ ವಯಸ್ಸಿನಲ್ಲಿ ದೈವಾಧೀನಳಾದಳು.

ಆಕೆಯ ತಿಳಿವಳಿಕೆಯಲ್ಲಿಯೂ ತಪ್ಪು ಇದ್ದಿತೆಂಬುದನ್ನು ಹೇಳದಿರುವುದು ನ್ಯಾಯವಲ್ಲ. ಕೆಟ್ಟ ಗಾಳಿಯೇ ರೋಗವನ್ನು ಹುಟ್ಟಿಸುವುದೆಂದು ಆಕೆಯು ಬಹುಕಾಲ ನಂಬಿದ್ದಳು. ರೋಗಾಣುಗಳ ವಿಷಯವು ಸ್ಥಿರಪಟ್ಟುದು ಆಮೇಲೆ; ಕ್ಷಯದ ರೋಗಾಣುವನ್ನು ಕಾಕ್ ಎಂಬ ವಿದ್ವಾಂಸನು ಕಂಡುಹಿಡಿದುದು 1882ರಲ್ಲಿ. ಆದರೆ ಕಾರಣವು ಬೇರೆಯಾದರೂ ನಿಯಮವು ನಿಂತಿತು. ಕ್ಷಯ, ದಡಾರಗಳು ಗಾಳಿಯಲ್ಲಿಯೇ ಹರಡತಕ್ಕವು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾಮಾನ್ಯ ವಾರ್ಡಿನಲ್ಲಿ ಒಬ್ಬೊಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊರಗಿನ ಗಾಳಿಯು ದೊರೆಯಬೇಕೆಂದು ಸೂಚಿಸಿತು. 2020ರ ಕೊರೋನಾ ವ್ಯಾಧಿಯ ಕಾಲದಲ್ಲಿ ಕಿಟಕಿಗಳನ್ನು ತೆರೆಯಿರೆಂಬ ಮಾತನ್ನು ಲೋಕವೆಲ್ಲಾ ಮತ್ತೆ ಕೇಳಿತು.

ಆಕೆಯು ಮೆಚ್ಚದಿದ್ದ ಯಂತ್ರವೂ ಈಗ ದೊಡ್ಡ ಆಸ್ಪತ್ರೆಗಳಿಗೆ ಅನಿವಾರ್ಯವಾಗಿದೆ. ಶಸ್ತ್ರಚಿಕಿತ್ಸೆಯ ಕೊಠಡಿಗೆ ಶೋಧಿಸಿದ ಗಾಳಿಯನ್ನು ಒತ್ತಡದಿಂದ ತುಂಬಿ, ಓಣಿಯ ಗಾಳಿಯು ಒಳನುಗ್ಗದಂತೆ ಮಾಡುವರು. ಗಾಳಿಯಿಂದ ಹರಡುವ ರೋಗವುಳ್ಳವರ ಕೊಠಡಿಯಲ್ಲಿ ಇದಕ್ಕೆ ವಿರುದ್ಧವಾಗಿ, ಒಳಗಿನ ಗಾಳಿಯು ಓಣಿಗೆ ಸೋರದಂತೆ ಗಂಟೆಗೆ 12 ಸಲವಾದರೂ ಅದನ್ನು ಹೊರಗೆ ಸೆಳೆದು ಬದಲಾಯಿಸುವರು. ಆದರೆ ಶೋಧಕವು ಧೂಳಿನಿಂದ ಕಟ್ಟಿದರೆ, ಪಂಕದ ಪಟ್ಟಿಯು ಸಡಿಲವಾದರೆ, ಬಾಗಿಲಿಗೆ ಯಾರಾದರೂ ಕುರ್ಚಿಯನ್ನು ಅಡ್ಡವಿಟ್ಟು ತೆರೆದಿಟ್ಟರೆ, ಗಾಳಿಯ ದಾರಿಯು ಸದ್ದಿಲ್ಲದೆ ಕೆಡುವುದು. ಯಂತ್ರವು ಮೊರೆಯುತ್ತಿದೆಯೆಂಬುದು ಗಾಳಿಯು ಹರಿಯುತ್ತಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಇಂಥ ಕೊಠಡಿಯ ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯಲ್ಲಿ ತೆಳುವಾದ ಕಾಗದದ ಚೂರೊಂದನ್ನು ಹಿಡಿದರೆ ಅದು ಒಳಕ್ಕೆ ವಾಲುವುದೋ ಹೊರಕ್ಕೋ ಎಂಬುದರಿಂದಲೇ ಗಾಳಿಯ ದಿಕ್ಕು ತಿಳಿಯುವುದು. ಇದನ್ನು ನೋಡುವುದಕ್ಕೆ ದೊಡ್ಡ ಪಾಂಡಿತ್ಯವು ಬೇಡ; ನಿತ್ಯವೂ ನೋಡುವ ಅಭ್ಯಾಸವು ಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ದಾದಿಯರಾಗಿ, ಹಲವರು ತಾಯಂದಿರಾಗಿ ಈ ಪುಟವನ್ನು ಓದುವಿರಿ. ಆಸ್ಪತ್ರೆಯ ಮೇಲ್ಗಡೆಯಲ್ಲಿ ಶೋಧಕವನ್ನು ತೊಳೆಯುವವನ, ಪಂಕಕ್ಕೆ ಎಣ್ಣೆ ಬಿಡುವವನ ಹೆಸರನ್ನು ಯಾವ ರೋಗಿಯೂ ಅರಿಯನು. ಆದರೂ ಅವನ ಉಸಿರು ಆ ಕೈಗಳಲ್ಲಿಯೇ ಇದೆ. ನೈಟಿಂಗೇಲಳ ದೀಪವನ್ನು ಹೊಗಳುವುದು ಸುಲಭ. ಆಕೆಯ ಲೆಕ್ಕದ ಪುಸ್ತಕವನ್ನೂ ತೆರೆದ ಕಿಟಕಿಯನ್ನೂ ನೆನೆದು, ಈ ರಾತ್ರಿ ನಿಮ್ಮ ಮನೆಯಲ್ಲಿ ಮಲಗಿರುವ ರೋಗಿಯ ಕೋಣೆಗೆ ಗಾಳಿಯು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂದು ಒಮ್ಮೆ ಎದ್ದು ನೋಡಿದರೆ, ಆಕೆಯ ಚರಿತ್ರೆಯನ್ನು ಓದಿದ್ದು ಸಾರ್ಥಕವಾಗುವುದು.